ಕಾಲೇಜಿಗೆ ಹೊರಟ ಕೊಳೆಬಟ್ಟೆ

“ಇವತ್ತಿನಿಂದ ಈ ಮನೆಯ ಬಟ್ಟೆ ಒಗೆಯೋ ಕೆಲಸ ನನ್ನದು!” ಎಂದು ಪ್ರೊಫೆಸರರು ಹಿತ್ತಿಲಲ್ಲಿ ನಿಂತು ಘೋಷಿಸಿದರು. ಬಕೆಟ್ಟಿನ ಮುಂದೆ ಕೂತಿದ್ದ ಹೆಂಡತಿ ಕೈಯಲ್ಲಿದ್ದ ದಿಂಬಿನ ಕವರನ್ನು ಆ ಕ್ಷಣವೇ ಕೆಳಗಿಟ್ಟಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡನ ಯಾವ ಮಾತಿಗೂ ಅವಳು ಇಷ್ಟು ಬೇಗ ಒಪ್ಪಿರಲಿಲ್ಲ!

ಕರೆಂಟಿಲ್ಲದ ಮನೆಗಳಿಗೆ, ಪೆಟ್ರೋಲಿಗೆ ಗತಿಯಿಲ್ಲದ ಊರುಗಳಿಗೆ ನೆರವಾಗಲೆಂದು ಪ್ರೊಫೆಸರರು ಎರಡು ವರ್ಷ ತಲೆ ಕೆಡಿಸಿಕೊಂಡು ಒಂದು ಸೈಕಲ್ ಕಟ್ಟಿದ್ದರು. ಕ್ಯಾರಿಯರ್ ಮೇಲೆ ಮುಚ್ಚಳವಿರುವ ಡ್ರಮ್ಮು, ಡ್ರಮ್ಮಿಗೂ ಹಿಂದಿನ ಚಕ್ರಕ್ಕೂ ಒಂದು ಚೈನು. ಬಟ್ಟೆ, ನೀರು, ಸೋಪುಪುಡಿ ತುಂಬಿ ಪೆಡಲ್ ತುಳಿದರಾಯಿತು. ಸವಾರ ಕೆಲಸಕ್ಕೆ ತಲುಪುವಷ್ಟರಲ್ಲಿ ಬಟ್ಟೆ ಶುಭ್ರ! ಅಂದು ಹತ್ತು ಗಂಟೆಗೆ ಅನುದಾನ ಸಮಿತಿ ಕಾಲೇಜಿಗೆ ಬರುವುದಿತ್ತು. ಅವರು ಒಪ್ಪಿದರೆ ಇಂಥವು ನೂರು. ಒಪ್ಪದಿದ್ದರೆ ಇದೊಂದೂ ಗುಜರಿಗೆ.

“ರೀ, ಡ್ರಮ್ಮು ಒಂದೇ ಕಡೆಗೆ ತಿರುಗುತ್ತಾ?”

“ಮತ್ತೆ? ನಾನು ಮುಂದಕ್ಕೆ ತಾನೇ ಹೋಗೋದು!”

“ಬಟ್ಟೇನ ಆ ಕಡೆ ಈ ಕಡೆ ಎರಡೂ ಕಡೆ ಆಡಿಸ್ಬೇಕು ಕಣ್ರೀ. ಇಲ್ಲಾಂದ್ರೆ...”

“ನೋಡೇ, ನೀನು ಒಗೆದಿರಬಹುದು. ನಾನು ಲೆಕ್ಕ ಹಾಕಿದೀನಿ!”

“ಓಹೋ, ಹಾಗಾದ್ರೆ ಸರಿ,” ಎಂದವಳು ಎರಡು ಬೆಡ್‌ಶೀಟು, ಅತ್ತೆಯ ಮೂರು ನೈಟಿ, ಗಂಡನ ಪೈಜಾಮಗಳನ್ನೆಲ್ಲ ತಂದು ಡ್ರಮ್ಮಿಗೆ ತುರುಕಿದಳು. ಸೈಕಲ್ ಗೇಟು ದಾಟಿದ್ದೇ ತಡ, ಕುರ್ಚಿ ಎಳೆದುಕೊಂಡು ಕಾಲು ಚಾಚಿ ಪುಸ್ತಕ ತೆರೆದಳು.

ಪ್ರೊಫೆಸರರು ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯಂತೆ ಐದು ಕಿಲೋಮೀಟರ್ ತುಳಿದರು. ಪ್ರತಿ ಹಂಪ್‌ಗೂ ಮುಚ್ಚಳದ ಸಂದಿಯಿಂದ ನೊರೆ ಬುಸ್ಸೆಂದಿತು. ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸು ಕೂಗಿದ: “ಸಾರ್, ಹಿಂದೆ ಏನೋ ಉಕ್ತಿದೆ!”

“ವಿಜ್ಞಾನ ಕಣಯ್ಯಾ!”

ಕಾಲೇಜಿನ ಅಂಗಳದಲ್ಲಿ ಸಮಿತಿಯ ಮೂವರು ಕಾದಿದ್ದರು. ಅಧ್ಯಕ್ಷೆ ನರೆತ ಕೂದಲಿನ ಹಿರಿಯ ಇಂಜಿನಿಯರು. ಪ್ರೊಫೆಸರರು ಮುಚ್ಚಳ ತೆಗೆದು, ಜಾದೂಗಾರನ ಠೀವಿಯಲ್ಲಿ ಪೈಜಾಮದ ತುದಿ ಹಿಡಿದೆಳೆದರು. ಬರಲಿಲ್ಲ. ಕಾಲು ಊರಿ ಎಳೆದರು. ಪೈಜಾಮದ ಹಿಂದೆ ಬೆಡ್‌ಶೀಟು, ಬೆಡ್‌ಶೀಟಿಗೆ ಹೆಣೆದುಕೊಂಡು ನೈಟಿ! ಐದು ಕಿಲೋಮೀಟರ್ ಒಂದೇ ದಿಕ್ಕಿಗೆ ತಿರುಚಿಕೊಂಡ ಸಮಸ್ತ ಸಂಸಾರ ಹಡಗು ಕಟ್ಟುವ ಹಗ್ಗದಂತೆ ಹೊರಬಂತು. ಜವಾನ ಇನ್ನೊಂದು ತುದಿ ಹಿಡಿದ. ಸಮಿತಿಯ ಸದಸ್ಯರೊಬ್ಬರು ಫೈಲು ಕಂಕುಳಿಗೆ ಸಿಕ್ಕಿಸಿಕೊಂಡು ಜವಾನನ ಪಕ್ಷ ಸೇರಿದರು. ಹಗ್ಗಜಗ್ಗಾಟದಲ್ಲಿ ‘ಪರ್ರ್’ ಎಂದಿತು. ಪ್ರೊಫೆಸರರ ಕೈಯಲ್ಲಿ ಹೂವಿನ ಚಿತ್ತಾರದ ಒಂದು ತೋಳು ಮಾತ್ರ ಉಳಿಯಿತು.

“ಇದು... ಅಮ್ಮನದು,” ಎಂದರು.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು. “ಮನೇಲಿ ಒಗೆಯೋರನ್ನ ಒಂದು ಮಾತು ಕೇಳಿದ್ರಾ?”

“ಕೇಳೋಕೆ ಮೊದಲೇ ಹೇಳಿದ್ಲು ಮೇಡಂ.”

“ನೀವು?”

“ಲೆಕ್ಕ ಹಾಕಿದೀನಿ ಅಂದೆ.”

“ಫೋನ್ ಮಾಡಿ. ಸ್ಪೀಕರ್ ಹಾಕಿ.”

“ಗಂಟಾಯ್ತಾ?” ಹಲೋ ಅನ್ನುವ ಮೊದಲೇ ಹೆಂಡತಿಯ ದನಿ ಅಂಗಳ ತುಂಬಿತು. “ಎಳೀಬೇಡಿ! ನೀರಲ್ಲಿ ಬಿಟ್ಟು ಉಲ್ಟಾ ಸುತ್ತಿ, ತಾನೇ ಬಿಚ್ಕೊಳ್ಳುತ್ತೆ. ಆಮೇಲೆ ಆ ಡ್ರಮ್ಮಿಗೆ ಒಂದು ಗೇರು ಹಾಕಿ, ಆಗಾಗ ದಿಕ್ಕು ಬದಲಾಗೋ ಹಾಗೆ. ಅಷ್ಟೇ ತಾನೇ? ಇಡ್ತೀನಿ, ಕಥೆ ಒಳ್ಳೇ ಜಾಗಕ್ಕೆ ಬಂದಿದೆ.”

ಅಧ್ಯಕ್ಷೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು, ಅನುದಾನ ಮಂಜೂರು ಮಾಡಿದರು! ಷರತ್ತು ಮೂರೇ. ಗೇರು ಹಾಕಬೇಕು. ಒಂದು ವರ್ಷದ ಪ್ರಯೋಗದಲ್ಲಿ ಮನೆಯ ಅಷ್ಟೂ ಬಟ್ಟೆಯನ್ನು ಪ್ರೊಫೆಸರರೇ ಒಗೆಯಬೇಕು. ವಾರದ ವರದಿಗೆ ಹೆಂಡತಿಯ ಸಹಿ ಇಲ್ಲದಿದ್ದರೆ ಅದು ಸಿಂಧುವಲ್ಲ.

ಗೇರು ಬಂತು. ಬಟ್ಟೆಗಳು ಗಂಟಿಲ್ಲದೆ, ಹಗುರಾಗಿ ಬಿಡಿಬಿಡಿಯಾಗಿ ಬಂದವು. ವಾರದ ಕೊನೆಗೆ ಪ್ರೊಫೆಸರರು ಎಲ್ಲವನ್ನೂ ತಾವೇ ಹಗ್ಗಕ್ಕೆ ಹರವಿ, ವರದಿಯನ್ನೂ ಪೆನ್ನನ್ನೂ ಹೆಂಡತಿಯ ಮುಂದೆ ಹಿಡಿದು, ಶಭಾಸ್‌ಗಿರಿಗೆ ಕಾದು ನಿಂತರು.

ಅವಳು ಒಂದು ಅಂಗಿಯನ್ನು ಹಗ್ಗದಿಂದ ಎಳೆದು, ಮಡಚಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದಳು. ಸಹಿಯ ಜಾಗದಲ್ಲಿ ಬರೆದಳು: ‘ಕಾಲರಿನ ಕೊಳೆ ಹಾಗೇ ಇದೆ. ಇನ್ನೊಂದು ಸಲ ಕಾಲೇಜಿಗೆ ಹೋಗಿ ಬರಲಿ.’

“ಲೇ, ಇವತ್ತು ಭಾನುವಾರ ಕಣೇ!”

“ಒಳ್ಳೇದೇ ಆಯ್ತಲ್ರೀ,” ಎಂದಳು ಮತ್ತೆ ಕುರ್ಚಿಗೆ ಹೋಗಿ ಕೂತು, ಪುಸ್ತಕದಿಂದ ತಲೆಯೆತ್ತದೆ. “ರೋಡು ಖಾಲಿ ಇರುತ್ತೆ.”