ಕಾರ್ಡು ಹಿಡಿದಿಟ್ಟ ಮುಖಗಳು

ದೆವ್ವ ನೋಡಬೇಕೆಂದರೆ ಜನ ಸ್ಮಶಾನಕ್ಕೆ ಹೋಗುತ್ತಾರಂತೆ. ನನಗೆ ಅಷ್ಟು ದೂರ ನಡೆಯುವ ಕಷ್ಟವಿಲ್ಲ. ಬಣಕಲ್ಲಿನ ನಮ್ಮ ಟೀವಿ ರಿಪೇರಿ ಅಂಗಡಿಯಲ್ಲೇ ವಾರಕ್ಕೊಂದು ಸಿಗುತ್ತದೆ. ತಯಾರಿಸುವವರು ನನ್ನ ಗಂಡ. ಮದುವೆಗಳನ್ನು ಲೈವ್ ಕಳಿಸಲು, ಕಂಪ್ಯೂಟರಿನ ಒಳಗೆ ಕೂರುವ ಕ್ಯಾಪ್ಚರ್ ಕಾರ್ಡನ್ನು ಅವರೇ ಡಿಸೈನ್ ಮಾಡಿದರು. ಕ್ಯಾಮೆರಾದ ವೈರು ಅದಕ್ಕೆ ಚುಚ್ಚಿದರೆ ಚಿತ್ರ ಕಂಪ್ಯೂಟರಿಗೆ ಬರುತ್ತದೆ. ನಾನು ಓದಿದ್ದು ಹತ್ತನೇ ಕ್ಲಾಸು. ಬೆಸುಗೆ ಹಾಕುವುದು ನನ್ನ ಕೆಲಸ. ಹೆದರುವುದೂ ನನ್ನದೇ.

ಕುರ್ಚಿಯಲ್ಲಿ ಅತ್ತೆ

ಮೊದಲ ಸಲ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಕಾರ್ಡು ಪರೀಕ್ಷೆ ಮಾಡಿದೆವು. ಆಮೇಲೆ ನಾನು ಕ್ಯಾಮೆರಾ ಬಿಚ್ಚಿ ಬ್ಯಾಗಿಗೆ ಹಾಕಿದೆ. ತಿರುಗಿದರೆ, ಪರದೆಯಲ್ಲಿ ಅತ್ತೆ ಇನ್ನೂ ಕೂತಿದ್ದಾರೆ, ನನ್ನನ್ನೇ ನೋಡುತ್ತಾ. ಕುರ್ಚಿ ಖಾಲಿ. ಹಿತ್ತಲಿನಿಂದ ಅವರ ಕೆಮ್ಮು ಕೇಳುತ್ತಿದೆ.

ಕಿರುಚಿಕೊಂಡೆ.

"ಹೆದರಬೇಡ ಮಾರಾಯ್ತಿ," ಅಂದರು ಗಂಡ. "ವೈರು ಅಲ್ಲಾಡಿದ್ರೆ ಪರದೆ ಕಪ್ಪಾಗಬಾರದು ಅಂತ, ಕೊನೇ ಚಿತ್ರ ಹಿಡಿದಿಡೋ ಮೆಮೊರಿ ಚಿಪ್ ಹಾಕಿದೀನಿ."

ಅತ್ತೆ ಒಳಗೆ ಬಂದು ತಮ್ಮನ್ನು ತಾವೇ ನೋಡಿಕೊಂಡರು. "ಒಳ್ಳೇದಾಯ್ತು. ಇನ್ನು ಮಗಳ ಮನೆಗೆ ಹೋದ್ರೂ ಇವಳ ಮೇಲೆ ಕಣ್ಣಿಡಬಹುದು."

ಟಾಟಾ

ಒಂದು ಸಂಜೆ ಮಂಜು ಅಂಗಡಿಯ ಬಾಗಿಲ ತನಕ ಬಂದಿತ್ತು. ನಾಲ್ಕು ವರ್ಷದ ಮಗಳು ಕ್ಯಾಮೆರಾ ಮುಂದೆ ನಿಂತು ಟಾಟಾ ಮಾಡಿದಳು. ಪರದೆಯ ಮಗು ಸುಮ್ಮನೆ ನೋಡುತ್ತಿತ್ತು. ಇವಳು ಕೈ ಇಳಿಸಿದ ಮೇಲೆ ಅದು ಕೈ ಎತ್ತಿತು.

"ಅಮ್ಮಾ, ಅವಳು ಹೋಗ್ತಾ ಇದಾಳಾ, ಬರ್ತಾ ಇದಾಳಾ?"

ನಾನು ಮಗುವನ್ನು ಎಳೆದು ಸೊಂಟಕ್ಕೆ ಏರಿಸಿಕೊಂಡೆ.

"ಚಿತ್ರಗಳು ಕಾರ್ಡಿನಲ್ಲಿ ಸಾಲಾಗಿ ಕಾದು ಬರ್ತವೆ. ಸಾಲು ಉದ್ದ ಆಗಿದೆ, ಗಿಡ್ಡ ಮಾಡ್ತೀನಿ," ಅಂದರು ಇವರು.

"ಬೇಗ ಮಾಡಿ. ಕರೆದು ಎಷ್ಟೋ ಹೊತ್ತಾದ ಮೇಲೆ ತಿರುಗಿ ನೋಡೋರು ಈ ಮನೆಯಲ್ಲಿ ನೀವೊಬ್ಬರೇ ಸಾಕು."

ಧಾರೆಯ ಹೊತ್ತು

ಕಾರ್ಡಿನ ಮೊದಲ ಮದುವೆ ಮೂಡಿಗೆರೆಯಲ್ಲಿ, ಎಸ್ಟೇಟ್ ಮನೆಯವರದು. ಹುಡುಗಿಯ ತಾತ ಸೊಂಟ ಮುರಿದುಕೊಂಡು ಕಳಸದ ಹತ್ತಿರ ತೋಟದ ಮನೆಯಲ್ಲಿದ್ದರು. "ತಾತ ನೋಡದೆ ನಾನು ಧಾರೆಗೆ ಕೂರಲ್ಲ," ಅಂದಿದ್ದಳು ಹುಡುಗಿ. ಚಿತ್ರ ನಿಂತರೆ ಅವಳಿಗೆ ಮುಖ ತೋರಿಸುವುದು ಹೇಗೆ?

ಸರಿಯಾಗಿ ಧಾರೆಯ ಹೊತ್ತಿಗೆ, ಟೀವಿ ಮುಂದೆ ತಾತನ ಪಕ್ಕ ಕೂತಿದ್ದ, ತೋಟದ ಲೆಕ್ಕ ಬರೆಯುವ ರೈಟರ್ ನನಗೆ ಫೋನು ಮಾಡಿದರು.

"ಅಕ್ಕಾ, ಮಂತ್ರ ಕೇಳ್ತಿದೆ, ವಾಲಗ ಕೇಳ್ತಿದೆ. ಆದ್ರೆ ಒಬ್ಬರೂ ಅಲ್ಲಾಡ್ತಿಲ್ಲ. ಭಟ್ರ ಬಾಯಿ ತೆರೆದದ್ದು ತೆರೆದೇ ಇದೆ!"

ಯಾರೋ ಎಡವಿ ಕ್ಯಾಮೆರಾ ವೈರು ಕಿತ್ತಿದ್ದರು. ಮೈಕಿನ ವೈರು ಬೇರೆ, ಅದು ಗಟ್ಟಿಯಾಗಿತ್ತು. ಕಾರ್ಡು ಕೊನೆಯ ಚಿತ್ರ ಹಿಡಿದು ಕೂತಿತ್ತು.

"ಧಾರೆ ನಿಲ್ಲಿಸಿ!" ಅಂತ ಕೂಗಿದೆ. ವಾಲಗ ನಿಂತಿತು. ಮಂಟಪದಲ್ಲಿದ್ದವರೆಲ್ಲ ನಿಜವಾಗಿಯೂ ಕಲ್ಲಾದರು.

ಫೋನಿನಲ್ಲಿ ರೈಟರ್ ಕೂಗಿದರು. "ಅಕ್ಕಾ, ಈಗ ದೊಡ್ಡ ಯಜಮಾನ್ರೂ ಅಲ್ಲಾಡ್ತಿಲ್ಲ! ಅಕ್ಷತೆ ಹಿಡಿದು ಕೈ ಎತ್ತಿದವರು ಹಾಗೇ ಇದಾರೆ. ಕರೆದ್ರೂ ಮಾತಿಲ್ಲ!"

ಹುಡುಗಿಯ ಕಡೆ ನೋಡಲು ಧೈರ್ಯ ಬರಲಿಲ್ಲ. ಕಿತ್ತ ವೈರು ಹುಡುಕಿ ಚುಚ್ಚಿದೆ. ಪರದೆಯಲ್ಲಿ ಭಟ್ಟರ ಬಾಯಿ ಮುಚ್ಚಿತು. ವಾಲಗ ಎದ್ದಿತು, ಧಾರೆ ಎರೆದರು.

ಫೋನಿನೊಳಗೆ ಟೀವಿಯ ಮೇಲೆ ಅಕ್ಕಿಕಾಳು ಚಟಪಟ ಬಿದ್ದ ಸದ್ದು. ಅದರ ಹಿಂದೆಯೇ ತಾತನ ಗುಡುಗು, ರೈಟರ್ ಮೇಲೆ:

"ಫೋಟೋ ತೆಗಿಯೋವಾಗ ಹಿಂಗೆ ಕೂಗಾಡ್ತಾರೇನಯ್ಯಾ? ಪಾಪ, ಅಷ್ಟು ಜನ ಉಸಿರು ಬಿಗಿಹಿಡಿದು ನಿಂತಿದ್ರು. ನಾನೊಬ್ಬ ಅಲ್ಲಾಡಿ ಮೊಮ್ಮಗಳ ಫೋಟೋ ಕೆಡಿಸ್ಲಾ?"