ಕೊನೆಯ ಸವಾರಿಯ ಮಣ್ಣು

ಭಾವ ಸತ್ತದ್ದು ಒಂದು ಬೂಟು ಬಿಚ್ಚಿ ಇನ್ನೊಂದಕ್ಕೆ ಕೈಹಾಕುವಾಗ. ತಮ್ಮ ಹಳೇ ಮೋಟಾರ್ ಬೈಕಿನಲ್ಲಿ ಎಲ್ಲೋ ಹೋಗಿ ಬಂದು, ಸ್ಟ್ಯಾಂಡ್ ಹಾಕಿ, ಮೆಟ್ಟಿಲ ಮೇಲೆ ಕೂತು, "ಕಾಫಿ ಆಯ್ತಾ?" ಎಂದು ಕೂಗಿದ್ದರು. ಅಕ್ಕ ಲೋಟ ಹಿಡಿದು ಬರುವಷ್ಟರಲ್ಲಿ ಎದೆಬಡಿತ ನಿಂತಿತ್ತು. ಎಂಜಿನ್ ಮಾತ್ರ ಇನ್ನೂ ಬಿಸಿಯಾಗಿತ್ತಂತೆ. ಅಕ್ಕ ಇದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು, ಮೊದಮೊದಲು ಅಳುತ್ತ, ಆಮೇಲಾಮೇಲೆ ಗೋಡೆ ನೋಡುತ್ತ.

ಸತ್ತವರು ಹೋದರು, ಅವರ ಬೈಕಿಗೆ ಮೆತ್ತಿದ್ದ ಮಣ್ಣು ಟೈಲರನ ತಲೆಗೆ ಬಂತು. ಟೈಲರ್ ಅಂದರೆ ಅಕ್ಕನ ಒಬ್ಬನೇ ತಮ್ಮ. ಊರಿನ ಹಳೇ ಬೈಕುಗಳ ಕ್ಲಬ್ಬಿನಲ್ಲಿ ಬೈಕೇ ಇಲ್ಲದ ಸದಸ್ಯ ಅವನೊಬ್ಬನೇ. ಎಲ್ಲರ ಸೀಟಿಗೂ ಕವರ್ ಹೊಲಿದುಕೊಡುತ್ತಾನೆ, ಕರೆದರೆ ಓಡಿ ಬರುತ್ತಾನೆ, ಭಾವನ ಹಿಂದಿನ ಸೀಟಿನಲ್ಲಿ ಅಲ್ಲಾಡದೆ ಕೂರುತ್ತಾನೆ ಎಂದು ಸೇರಿಸಿಕೊಂಡಿದ್ದರು.

ಆ ಕ್ಲಬ್ಬಿಗೆ ಒಂದು ಪದ್ಧತಿಯಿತ್ತು. ವಾರ್ಷಿಕೋತ್ಸವದ ದಿನ ಎಲ್ಲರೂ ತಂತಮ್ಮ ಗಾಡಿಗಳನ್ನು ಮದುವೆ ಗಂಡಿನ ಹಾಗೆ ಉಜ್ಜಿ ತಿಕ್ಕಿ ತರಬೇಕು. ಆದರೆ ಆ ವರ್ಷ ಯಾವ ಸದಸ್ಯ ತೀರಿಕೊಂಡಿರುತ್ತಾನೋ ಅವನ ಗಾಡಿಯನ್ನು ಮಾತ್ರ ತೊಳೆಯುವಂತಿಲ್ಲ. ಕೊನೆಯ ಸವಾರಿಯ ಮಣ್ಣು ಹಾಗೇ ಇರಬೇಕು. ಸಾಲಿನ ಮುಂದೆ ಅದೇ ನಿಲ್ಲಬೇಕು, ಮೌನ ಮುಗಿದ ಮೇಲೆ ಮೊದಲು ಅದರ ಎಂಜಿನ್ನೇ ಸದ್ದು ಮಾಡಬೇಕು.

ಹಿಂದಿನ ದಿನ ಕ್ಲಬ್ಬಿನ ಅಧ್ಯಕ್ಷರು ಅಕ್ಕನ ಮನೆಗೇ ಬಂದು ಮಣ್ಣನ್ನು ತಪಾಸಣೆ ಮಾಡಿ ಹೋಗಿದ್ದರು. ಜೀವಮಾನವೆಲ್ಲ ಮಣ್ಣು ಪರೀಕ್ಷೆಯ ಆಫೀಸಿನಲ್ಲಿ ಸವೆಸಿದವರು. ಮಡ್ಗಾರ್ಡಿನಿಂದ ಉಗುರಿನಲ್ಲಿ ಒಂದು ಚೂರು ಕೆರೆದು, ಮೂಸಿ, ಕಣ್ಣು ಮುಚ್ಚಿದರು.

"ಗುಡ್ಡದ ಕೆಂಪು ಮಣ್ಣು. ಕಲ್ಲುಕ್ವಾರಿ ಹಿಂದಿನ ತಿರುವು. ಅಲ್ಲಿ ಬಿಟ್ರೆ ಎಲ್ಲೂ ಸಿಗಲ್ಲ ಇದು. ಸಾಯೋ ದಿನಾನೂ ಗುಡ್ಡ ಹತ್ತಿದಾನೆ ನೋಡಮ್ಮ, ಗಂಡಸು ಅಂದ್ರೆ ಅವನು!" ಎಂದು ಕಣ್ಣೊರೆಸಿಕೊಂಡರು. ಅಕ್ಕ ಬಾಗಿಲ ಪಕ್ಕದ ಗುಲಾಬಿ ಗಿಡದಲ್ಲಿ ಒಣಗಿದ ಎಲೆ ಕೀಳುತ್ತ ನಿಂತಳು.

ಮಾರನೆಯ ಬೆಳಗ್ಗೆ ಗಾಡಿ ಒಪ್ಪಿಸುವಾಗ ತಮ್ಮನಿಗೆ ಅವಳು ಹೇಳಿದ್ದು ಇಷ್ಟು: "ಅವರು ಬೀದಿಗೆ ತಿರುಗಿದ ಕೂಡ್ಲೇ ನಂಗೆ ಗೊತ್ತಾಗ್ತಿತ್ತು ಕಣೋ. ಆ ಡಗ್ ಡಗ್ ಕೇಳಿಯೇ ಕಾಫಿಗೆ ನೀರಿಡ್ತಿದ್ದೆ. ಈಗ ಮನೇಲಿ ಒಂದು ಸದ್ದಿಲ್ಲ. ಇವತ್ತು ಒಂದ್ಸಲ ಅದನ್ನ ಕೇಳಿಸಿಬಿಡು. ನಂಗೆ ಬೇರೇನೂ ಬೇಡ."

"ಸದ್ದಿಗೇನಕ್ಕ, ಕಿಕ್ ಹೊಡೆದ್ರೆ ಬರತ್ತೆ. ಮಣ್ಣು ಉದುರದ ಹಾಗೆ ನೋಡ್ಕೊಳ್ಳೋದೇ ಕಷ್ಟ" ಎಂದ ಟೈಲರ್.

"ಮಣ್ಣಿಗೇನಾಗತ್ತೆ, ಬಿಡು" ಎಂದಳು ಅಕ್ಕ.

ಅವನು ಕೂಸನ್ನು ಎತ್ತಿಕೊಂಡವನ ಹಾಗೆ ಹುಷಾರಾಗಿ ಬೈಕನ್ನು ತನ್ನ ಹೊಲಿಗೆ ಅಂಗಡಿಯವರೆಗೆ ತಳ್ಳಿಕೊಂಡು ಬಂದ. ವಾರಗಟ್ಟಲೆ ನಿಂತ ಗಾಡಿ. ಆಯಿಲ್ ಬದಲಾಯಿಸದೆ ಶುರು ಮಾಡಬಾರದೆಂದು ಭಾವನೇ ಹೇಳಿಕೊಟ್ಟಿದ್ದರು. ಕೆಳಗಿನ ನಟ್ಟು ಬಿಚ್ಚಿ, ಡಾಂಬರಿನಂತಿದ್ದ ಹಳೇ ಆಯಿಲನ್ನು ಬೋಗುಣಿಗೆ ಇಳಿಸಿದ. ಕೊನೆಯ ತೊಟ್ಟು ಬೀಳುವವರೆಗೆ ಕಾದು ನಟ್ಟು ಬಿಗಿದ. ಪಕ್ಕದ ಲಾಂಡ್ರಿಯವರಿಗೆ, "ಅಣ್ಣಾ, ಹೊಸ ಆಯಿಲ್ ತಂದುಬಿಡ್ತೀನಿ, ಗಾಡಿ ಮೇಲೆ ಒಂದು ಕಣ್ಣಿಟ್ಟಿರಿ" ಎಂದು ಹೇಳಿ ಹೋದ.

ಲಾಂಡ್ರಿಯವರು ಕಣ್ಣಿಟ್ಟರು. ಅಲ್ಲೇ ಎಡವಟ್ಟಾದದ್ದು. ಹುಟ್ಟಿದಾರಭ್ಯ ಕೊಳೆಯನ್ನು ಕಂಡು ಸುಮ್ಮನಿದ್ದು ಗೊತ್ತಿಲ್ಲದ ಮನುಷ್ಯ ಅವರು.

ಟೈಲರ್ ಡಬ್ಬಿ ಹಿಡಿದು ವಾಪಸು ಬಂದಾಗ ಅಂಗಡಿಯ ಮುಂದೆ ಯಾವುದೋ ಹೊಸ ಬೈಕು ನಿಂತಿತ್ತು. ಟ್ಯಾಂಕಿನಲ್ಲಿ ಆಕಾಶ ಕಾಣುತ್ತಿತ್ತು. ಲಾಂಡ್ರಿಯವರು ಪ್ಯಾಂಟು ಮಡಚಿಕೊಂಡು, ಬ್ರಷ್ ಹಿಡಿದು, ಬೆವರೊರೆಸುತ್ತ ನಗುತ್ತಿದ್ದರು.

"ಏನ್ ಕೊಳೆ ಮಾರಾಯ್ರೇ! ಸೋಡಾ ಹಾಕಿ ತಿಕ್ಕಿದ ಮೇಲೆ ಬಿಡ್ತು. ಸತ್ತೋರ ಗಾಡೀನ ಹಾಗೆ ಗಲೀಜಾಗಿ ಕಳಿಸೋದಾ? ನನ್ನ ಕಡೆಯಿಂದ ಸೇವೆ ಅಂದ್ಕೊಳಿ."

ಟೈಲರ್ ಡಬ್ಬಿಯನ್ನು ಅಲ್ಲೇ ಇಟ್ಟು ಚರಂಡಿಯ ಪಕ್ಕ ಕುಕ್ಕರಿಸಿದ. ಭಾವನ ಕೊನೆಯ ಸವಾರಿ ನೊರೆ ನೊರೆಯಾಗಿ ಚರಂಡಿಯಲ್ಲಿ ಹರಿದು ಹೋಗುತ್ತಿತ್ತು. ಅವನು ಎರಡೂ ಕೈಯಲ್ಲಿ ಅದನ್ನು ಬಾಚಿಕೊಳ್ಳಲು ನೋಡಿದ. ಕೈಗೆ ಸಿಕ್ಕಿದ್ದು ಒಂದು ಬಾಚಣಿಗೆ.

ಪದ್ಧತಿ ಏನೆಂದು ತಿಳಿದ ಮೇಲೆ ಲಾಂಡ್ರಿಯವರ ಮುಖ ಇಸ್ತ್ರಿ ತಾಗಿದ ಹಾಗಾಯಿತು. "ಅಯ್ಯೋ, ಒಂದ್ಮಾತು ಹೇಳ್ಬಾರ್ದಿತ್ತಾ? ನಾನೇ ಮಣ್ಣು ಹಚ್ಕೊಡ್ತೀನಿ, ತಡೀರಿ!" ಎಂದು ಎದ್ದವರು, ಏನಾದರೂ ಒಳ್ಳೆಯದು ಮಾಡಲೇಬೇಕೆಂದು, "ಇದನ್ನ ಯಾರಾದ್ರೂ ಒದ್ದು ಚೆಲ್ತಾರೆ" ಎನ್ನುತ್ತ ಆಯಿಲ್ ಡಬ್ಬಿಯನ್ನು ತಮ್ಮ ಅಂಗಡಿಯ ಒಳಗೆ ಇಟ್ಟುಬಂದರು.

ಅಷ್ಟರಲ್ಲಿ ಎದುರಿನ ಬೇಕರಿಯಮ್ಮ ಬಂದರು. ಬೀದಿಯಲ್ಲಿ ಯಾರ ಮನೆ ಹಾಲು ಉಕ್ಕಿದರೂ ಮೊದಲು ಅವರಿಗೆ ವಾಸನೆ ಬರುತ್ತದೆ.

"ಕೆಂಪು ಮಣ್ಣು ತಾನೆ? ಅದಕ್ಯಾಕೆ ಮನೇಲಿ ಹೆಣ ಬಿದ್ದೋರ ಹಾಗೆ ಕೂತಿದೀಯ? ಕೋಕೋ ಪುಡಿ, ಮೈದಾ, ಸ್ವಲ್ಪ ಕೇಕಿನ ಬಣ್ಣ. ನಮ್ಮಪ್ಪ ಬಂದ್ರೂ ಗುರುತು ಹಿಡಿಯಲ್ಲ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮೂವರೂ ಸೇರಿ ಕಲಸಿ ಹಚ್ಚಿದರು. ದೂರದಿಂದ ನೋಡಿದರೆ ನಿಜಕ್ಕೂ ಮಣ್ಣೇ. ಹತ್ತಿರ ಹೋದರೆ ಹುಟ್ಟುಹಬ್ಬದ ವಾಸನೆ. ರುಚಿಗೆಂದು ಬೇಕರಿಯಮ್ಮನ ಕೈ ಅಭ್ಯಾಸಬಲದಿಂದ ಸಕ್ಕರೆಯನ್ನೂ ಹಾಕಿತ್ತು. ಟೈಲರ್ ಕೈ ತೊಳೆದು ಬರುವಷ್ಟರಲ್ಲಿ ಬೀದಿಯ ಕುಂಟು ನಾಯಿ ಮುಂದಿನ ಮಡ್ಗಾರ್ಡನ್ನು ಕಣ್ಣು ಮುಚ್ಚಿ ನೆಕ್ಕುತ್ತಿತ್ತು. ಹಿಂದಿನದಕ್ಕೆ ಇರುವೆಗಳು ಸಾಲು ಹಿಡಿದಿದ್ದವು.

"ಅಧ್ಯಕ್ಷರು ಮೂಸಿ ನೋಡ್ತಾರೆ" ಎಂದ ಟೈಲರ್, ಅಳು ನುಂಗಿಕೊಂಡು. "ಗುಡ್ಡದ ಮಣ್ಣೇ ಬೇಕು. ಭಾವ ಹೋದ ದಾರೀಲೇ ಹೋಗಿ ಅದೇ ತಿರುವಿನಿಂದ ತರ್ತೀನಿ. ನಾನೇ ಹೋಗ್ತೀನಿ."

ಲಾಂಡ್ರಿಯವರು ಮತ್ತೊಮ್ಮೆ ಬೈಕನ್ನು ತೊಳೆದರು. ಈ ಸಲ ಯಾರೂ ಬೇಡವೆನ್ನಲಿಲ್ಲ.

ಟೈಲರ್ ಕಿಕ್ ಹೊಡೆದ. ಒಂದೇ ಏಟಿಗೆ ಎಂಜಿನ್ ಎದ್ದಿತು. ಡಗ್, ಡಗ್, ಡಗ್. ಬೀದಿ ತಟಕ್ಕನೆ ನಿಂತುಹೋಯಿತು. ಲಾಂಡ್ರಿಯವರು ಬ್ರಷ್ ಕೆಳಗಿಟ್ಟರು. ಬೇಕರಿಯಮ್ಮ ಮೂಗೊರೆಸಿಕೊಂಡು, "ನಿಮ್ಮ ಭಾವನೇ ಬಂದ ಹಾಗಾಯ್ತಲ್ಲೋ" ಎಂದರು. ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ಅಕ್ಕನ ಮನೆ. ಅವಳ ಬಾಗಿಲ ಮುಂದೆ ಒಂದು ಸುತ್ತು ಹೊಡೆದರೆ ಅವಳಿಗೆ ಬೇಕಾದದ್ದು ಸಿಕ್ಕೇ ಬಿಡುತ್ತದೆ ಎಂದು ಟೈಲರನಿಗೆ ಅನ್ನಿಸಿತು. ಆದರೆ ಫಳಫಳ ಹೊಳೆಯುವ ಈ ಗಾಡಿಯನ್ನು ಅವಳು ಕಂಡರೆ? ಮಣ್ಣೆಲ್ಲೋ ಎಂದರೆ ಏನೆನ್ನಲಿ? ಅವನು ಬಲಕ್ಕೆ ತಿರುಗಿದ.

ಗುಡ್ಡದ ದಾರಿಯಲ್ಲಿ ಬೈಕು ಹಗುರವಾಗಿ, ಹಾಡಿಕೊಂಡು ಹೋಯಿತು. ಕ್ವಾರಿಯ ಹಿಂದಿನ ತಿರುವಿನಲ್ಲಿ ಮಣ್ಣು ನಿಜಕ್ಕೂ ಕೆಂಪಗಿತ್ತು. ಟೈಲರ್ ಬಾಟಲಿಯ ನೀರು ಸುರಿದು ಕಲಸಿದ. ಮಡ್ಗಾರ್ಡಿಗೆ ಮಂದವಾಗಿ, ಎಂಜಿನ್ನಿಗೆ ತೆಳುವಾಗಿ, ಸೈಲೆನ್ಸರಿಗೆ ಹನಿಹನಿಯಾಗಿ, ಒಳ್ಳೆ ಬಟ್ಟೆಗೆ ಗುರುತು ಹಾಕುವವನ ಶ್ರದ್ಧೆಯಿಂದ ಹಚ್ಚಿದ. ದೂರ ನಿಂತು ನೋಡಿದ. ಭಾವ ಈಗ ತಾನೇ ಇಳಿದು ಹೋದ ಹಾಗಿತ್ತು. ಬೆಳಗ್ಗೆಯಿಂದ ಮೊದಲ ಸಲ ಅವನಿಗೆ ನಗು ಬಂತು.

ನಗು ಗುಡ್ಡದ ಬುಡದವರೆಗೆ ಇತ್ತು. ಅಲ್ಲಿ ಏನೋ ಸುಟ್ಟ ವಾಸನೆ ಬಂತು. ಡಗ್ ಡಗ್ ಹೋಗಿ ಕಟಕಟ ಶುರುವಾಯಿತು. ಆಮೇಲೆ ಬೈಕು ಕತ್ತು ಹಿಸುಕಿದ ಹಾಗೆ ಒಂದೇ ಒಂದು ಸಲ ಕಿರುಚಿ, ಹಿಂದಿನ ಚಕ್ರ ಹಿಡಿದುಕೊಂಡು, ಅವನನ್ನು ಒಂದು ಪೊದೆಗೆ ಎಸೆದು ಸುಮ್ಮನಾಯಿತು.

ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತ ಅವನು ಆಯಿಲ್ ಮುಚ್ಚಳ ತಿರುಗಿಸಿ ಒಳಗೆ ಬೆರಳು ಹಾಕಿದ. ಬೆರಳು ಒಣಗಿಯೇ ಹೊರಬಂತು. ಬೋಗುಣಿಯಲ್ಲಿ ನಿಂತ ಹಳೇ ಆಯಿಲ್, ಲಾಂಡ್ರಿಯ ಒಳಗೆ ಭದ್ರವಾಗಿದ್ದ ಹೊಸ ಡಬ್ಬಿ, ಒಂದೊಂದೇ ಕಣ್ಣ ಮುಂದೆ ಬಂದವು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂದು ಗಾದೆ ಹೇಳುತ್ತದೆ. ಕಣ್ಣು ಬಿಟ್ಟುಕೊಂಡೇ ಎಣ್ಣೆ ಮರೆತವರಿಗೆ ಗಾದೆಯೂ ಇಲ್ಲ. ಅವನು ಕಿಕ್ಕರಿನ ಮೇಲೆ ಎರಡೂ ಕಾಲಿಟ್ಟು ನಿಂತ. ಆಯಿಲ್ ಇಲ್ಲದೆ ಎಂಜಿನ್ ಒಳಗೇ ಕಚ್ಚಿಕೊಂಡಿತ್ತು, ಕಿಕ್ಕರ್ ಕೂದಲೆಳೆಯಷ್ಟೂ ಕೆಳಗಿಳಿಯಲಿಲ್ಲ. ಟೈಲರ್ ರಸ್ತೆಯಲ್ಲೇ ಕೂತು ಗಟ್ಟಿಯಾಗಿ ಅತ್ತ. ಭಾವ ಸತ್ತ ದಿನ ಹತ್ತು ಕೆಲಸಗಳ ಮಧ್ಯೆ ಅಳಲು ಪುರುಸೊತ್ತಾಗಿರಲಿಲ್ಲ.

ಕಲ್ಲು ಸಾಗಿಸುವ ಟ್ರಾಕ್ಟರಿನವನೊಬ್ಬ ಕರುಣೆಯಿಂದ ಬೈಕನ್ನೂ ಅವನನ್ನೂ ಹೇರಿಕೊಂಡು ಬಂದು ಸಂಜೆ ವಾರ್ಷಿಕೋತ್ಸವದ ಮೈದಾನದ ಮೂಲೆಯಲ್ಲಿ ಇಳಿಸಿದ. ಅಲ್ಲಿ ಹಳೇ ಬೈಕುಗಳು ಥಳಥಳಿಸುತ್ತ ಸಾಲಾಗಿ ನಿಂತಿದ್ದವು. ಟೈಲರ್ ಗೇರು ತಪ್ಪಿಸಿ, ಕುಂಟುತ್ತ, ಕೆಂಪು ಮಣ್ಣಿನ ಗಾಡಿಯನ್ನು ತಳ್ಳಿಕೊಂಡು ಬಂದದ್ದೇ ತಡ, ಎಲ್ಲರೂ ಹೆಲ್ಮೆಟ್ ತೆಗೆದು ಎದೆಗೊತ್ತಿಕೊಂಡರು.

"ನೋಡಿ, ಹತ್ತಿ ಕೂರದೆ ತಳ್ಕೊಂಡು ಬರ್ತಿದಾನೆ!" ಎಂದರು ಅಧ್ಯಕ್ಷರು, ಗದ್ಗದಿತರಾಗಿ. "ಇದಪ್ಪಾ ಗೌರವ ಅಂದ್ರೆ." ಬಗ್ಗಿ, ಉಗುರಿನಲ್ಲಿ ಮಣ್ಣು ಕೆರೆದು ಮೂಸಿದರು. ಟೈಲರ್ ಉಸಿರು ಹಿಡಿದ. "ಅದೇ. ನಿನ್ನೆ ನೋಡಿದ್ದೇ. ಗುಡ್ಡದ ಮಣ್ಣು! ಇನ್ನು ಎಲ್ಲರೂ ಮೌನ."

ಎಲ್ಲರೂ ತಲೆ ತಗ್ಗಿಸಿದರು. ಟೈಲರನ ಪಕ್ಕಕ್ಕೆ ಬಂದು ನಿಂತಿದ್ದ ಅಕ್ಕ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು.

"ಲೋ, ಇಷ್ಟು ಮಣ್ಣು ಎಲ್ಲಿಂದ ತಂದ್ಯೋ?"

"ಇದ್ದದ್ದೇ ಅಕ್ಕ."

"ಸುಳ್ಳು ಬೊಗಳಬೇಡ. ನಾನು ಹಚ್ಚಿದ್ದು ಇಷ್ಟಿರಲಿಲ್ಲ."

ಟೈಲರ್ ತಲೆ ಎತ್ತಿದ. ಅಕ್ಕ ತಗ್ಗಿಸಿದ ತಲೆಯನ್ನು ಎತ್ತಲಿಲ್ಲ.

"ಅವರನ್ನ ಮಣ್ಣು ಮಾಡಿ ಬಂದ ಮಾರನೇ ದಿನವೇ ಗಾಡಿ ತೊಳೆದುಬಿಟ್ಟೆ ಕಣೋ. ಬಟ್ಟೆ ತೊಳೆದೆ, ಬೂಟು ತೊಳೆದೆ, ಅದನ್ನೂ ತೊಳೆದೆ. ಕೈಗೆ ಏನಾದ್ರೂ ಕೆಲಸ ಬೇಕಿತ್ತು. ಆಮೇಲೆ ನಿಮ್ಮ ಕ್ಲಬ್ಬಿನೋರು ಬಂದು ಮಣ್ಣು ಮುಟ್ಬೇಡಿ ಅಂದ್ರು. ಗುಲಾಬಿ ಕುಂಡದಿಂದ ಒಂದು ಹಿಡಿ ತೆಗೆದು ಮೆತ್ತಿದೆ."

"ಮತ್ತೆ ಅಧ್ಯಕ್ಷರು ಗುಡ್ಡ, ತಿರುವು ಅಂತೆಲ್ಲ..."

"ಪಾಪ, ಅವರಿಗೆ ಸಮಾಧಾನ ಆಗೋದಾದ್ರೆ ಅಂದ್ಕೊಳ್ಳಲಿ. ಅವತ್ತು ನಿಮ್ಮ ಭಾವ ಹೋಗಿದ್ದು ಟೈರಿಗೆ ಗಾಳಿ ಹಿಡಿಸೋಕೆ. ಮಣ್ಣಲ್ಲಿ ಏನಿದೆ, ಬಿಡು. ಸದ್ದು ಸರಿಯಾಗಿದೆ ತಾನೆ?"

ಅಷ್ಟರಲ್ಲಿ ಮೌನ ಮುಗಿಯಿತು.

"ಶುರು ಮಾಡಪ್ಪ" ಎಂದರು ಅಧ್ಯಕ್ಷರು.

ಅಕ್ಕ ಎರಡೂ ಕೈ ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಅವಳ ಮುಖದಲ್ಲಿ, ಒಲೆಯ ಮುಂದೆ ನಿಂತು ಬೀದಿಗೆ ಕಿವಿ ಕೊಟ್ಟವಳ ಸಣ್ಣ ನಗು ಮೂಡಿತು. ಟೈಲರ್ ಕಿಕ್ಕರಿನ ಮೇಲೆ ಕಾಲಿಟ್ಟ. ಒತ್ತಿದ. ಕಲ್ಲು ಒತ್ತಿದ ಹಾಗಾಯಿತು. ಮತ್ತೆ ಒತ್ತಿದ. ಇಡೀ ಮೈದಾನ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅಕ್ಕ ಕಣ್ಣು ತೆರೆಯದೆ ಕೇಳಿಸಿಕೊಳ್ಳುತ್ತಲೇ ಇದ್ದಳು.

ಆಗ ಜನರ ಹಿಂದಿನಿಂದ, ದಾರಿ ಬಿಡಿ ದಾರಿ ಬಿಡಿ ಎನ್ನುತ್ತ, ಲಾಂಡ್ರಿಯವರು ಏದುಸಿರು ಬಿಡುತ್ತ ಓಡಿ ಬಂದರು. ಅವರ ಎತ್ತಿ ಹಿಡಿದ ಕೈಯಲ್ಲಿ ಆಯಿಲ್ ಡಬ್ಬಿಯಿತ್ತು.

"ಬೆಳಗ್ಗೆ ಮರೆತೇ ಹೋಗ್ಬಿಟ್ರಲ್ರೀ!" ಎಂದರು, ಮುಖವೆಲ್ಲ ಬೆಳಗಿಸಿಕೊಂಡು. "ಜೋಪಾನವಾಗಿ ಇಟ್ಟಿದ್ದೆ. ನೋಡ್ಕೊಳಿ, ಒಂದು ಹನಿನೂ ಚೆಲ್ಲಿಲ್ಲ."