ಬುಧವಾರದ ಹೊಟ್ಟೆನೋವು

ನನ್ನ ಅಕ್ಕನ ಗಂಡನಿಗೆ ಒಂದು ಕಾಯಿಲೆ ಇದೆ. ಸತ್ಯ ಹೇಳುವ ಕಾಯಿಲೆ. ಸ್ವತಃ ಡಾಕ್ಟರು, ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಸ್ವಂತ ಕ್ಲಿನಿಕ್ಕು, ಆದರೂ ಇದಕ್ಕೆ ಮಾತ್ರ ಅವರ ಬಳಿ ಮದ್ದಿಲ್ಲ!

ಬಾಣಂತಿ ಮನೆಗೆ ಮಗು ನೋಡಲು ಹೋದರೆನ್ನಿ. ಅಲ್ಲಿಯ ಅಜ್ಜಿ ಆಸೆಯಿಂದ, "ಯಾರ ಹಾಗೆ ಕಾಣ್ತದೆ ಡಾಕ್ಟ್ರೇ?" ಎಂದು ಕೇಳುತ್ತಾರೆ. ಭಾವ ಕನ್ನಡಕ ಸರಿಮಾಡಿಕೊಂಡು, "ಸದ್ಯಕ್ಕೆ ಯಾರ ಹಾಗೂ ಇಲ್ಲ. ಆರು ತಿಂಗಳು ಕಳೀಲಿ, ಹೇಳ್ತೇನೆ" ಎನ್ನುತ್ತಾರೆ. ಅಕ್ಕ ಈಗೀಗ ತೊಟ್ಟಿಲಿರುವ ಮನೆಗೆ ಒಬ್ಬಳೇ ಹೋಗಿಬರುತ್ತಾಳೆ.

ಈ ಊರಿನಲ್ಲಿ ಎಂಸಿ ಎಂಬ ಮಹಾಪ್ರಸಾದವೊಂದಿದೆ. ಡಾಕ್ಟರು ಬರೆದುಕೊಡುವ ಕಾಯಿಲೆ ರಜೆಯ ಚೀಟಿ. ಸೋಮವಾರ ಬೆಳಿಗ್ಗೆ ಬೇರೆ ಕ್ಲಿನಿಕ್ಕುಗಳ ಮುಂದೆಲ್ಲ ತಲೆನೋವಿನವರ ಸಾಲಾದರೆ, ಭಾವನ ಕ್ಲಿನಿಕ್ಕಿನಲ್ಲಿ ನಿಜವಾಗಿ ಕೆಮ್ಮುವ ನಾಲ್ಕು ಜನ. ಒಮ್ಮೆ ಯಾರೋ ಹುಡುಗ ಹಣೆ ಹಿಡಿದುಕೊಂಡು ಬಂದನಂತೆ. "ನಿನಗೆ ಎಂತದೂ ಆಗಿಲ್ಲ. ರಾತ್ರಿಯಿಡೀ ಫುಟ್‌ಬಾಲ್ ನೋಡಿದ್ದೀ. ಹೋಗಿ ಕೆಲಸ ಮಾಡು" ಎಂದು ಕಳಿಸಿದರು. ಯಾವ ಟೀಮು ಸೋತಿತು ಎಂದೂ ವಿಚಾರಿಸಿದರಂತೆ.

ಇಂಥವರ ಮುಂದೆ ನಾನು ಹೋಗಿ ಹೊಟ್ಟೆನೋವು ಎಂದು ಕೂರಬೇಕಾಗಿ ಬಂತು.

ವಿಷಯ ಇಷ್ಟೇ. ನನ್ನ ಮಗಳಿಗೆ ಫಾರ್ಮಸಿ ಓದಲು ಯೂನಿವರ್ಸಿಟಿಯೊಂದು ಸೀಟು ಕೊಟ್ಟಿತ್ತು. ಸೀಟು ಸಿಕ್ಕಿದವರು ಅಪ್ಪ ಅಮ್ಮನನ್ನು ಕರೆದುಕೊಂಡು ಒಂದು ದಿನ ಬನ್ನಿ, ಲ್ಯಾಬು, ಹಾಸ್ಟೆಲ್ಲು ಎಲ್ಲ ನೋಡಿ, ಆಮೇಲೆ ಸೇರುವುದೋ ಬಿಡುವುದೋ ತೀರ್ಮಾನಿಸಿ ಎಂದು ಪ್ರೀತಿಯಿಂದ ಕರೆದಿದ್ದರು. ಯಾವತ್ತು? ಬುಧವಾರ! ಅಪ್ಪ ಅಮ್ಮಂದಿರೆಲ್ಲ ಬುಧವಾರ ಮನೆಯಲ್ಲಿ ಹಪ್ಪಳ ಒಣಗಿಸುತ್ತಾ ಕೂತಿರುತ್ತಾರೆ ಎಂದುಕೊಂಡರೇ? ನನ್ನ ಗಂಡ ಸಮುದ್ರದ ನಡುವೆ ತೈಲ ಬಾವಿಯ ಮೇಲೆ, ಇನ್ನೂ ಎರಡು ವಾರ ದಡ ಕಾಣುವಂತಿಲ್ಲ. ಅಕ್ಕ ಊರಿಗೆ ಹೋಗಿದ್ದಳು. ಜಾಗವೋ ಪುತ್ರಜಯಾದಿಂದಲೂ ಆಚೆ, ರೈಲಿಳಿದ ಮೇಲೂ ಕಾರೇ ಬೇಕು.

ನನ್ನ ಬಾಸ್ ಕೆಟ್ಟವಳಲ್ಲ. "ಆಡಿಟ್ ಟೈಮ್, ಹೌ ಟು ಗಿವ್ ಲೀವ್ ಲಾ? ಎಂಸಿ ತಂದ್ರೆ ಬೇರೆ ಮಾತು" ಎಂದು ದಾರಿಯನ್ನೂ ತೋರಿಸಿದಳು.

ಮನೆಗೆ ಬಂದು ರಜೆ ಸಿಗಲಿಲ್ಲ ಎಂದಾಗ ಮಗಳು, "ಪರವಾಗಿಲ್ಲ ಅಮ್ಮ, ನಾನೊಬ್ಬಳೇ ಹೋಗ್ತೀನಿ" ಎಂದಳು. ಅದೂ ಕನ್ನಡದಲ್ಲಿ! ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ. ಅವಳ ಬಾಯಲ್ಲಿ ಕನ್ನಡ ಬಂತೆಂದರೆ ಹಿಂದೆಯೇ ಅಳು ಬರುತ್ತಿದೆ ಎಂದರ್ಥ.

ಹಾಗಾಗಿ ಸೋಮವಾರ ಸಂಜೆ ಭಾವನ ಎದುರು ಕೂತೆ.

"ಎಲ್ಲಿ ನೋಯ್ತದೆ?" ಎಂದರು. ತೋರಿಸಿದೆ.

"ಅಲ್ಲಿ ಹೊಟ್ಟೆ ಇಲ್ಲ ಮಾರಾಯ್ತಿ."

ಸ್ವಲ್ಪ ಕೆಳಗೆ ತೋರಿಸಿದೆ. "ಬುಧವಾರಕ್ಕೆ ಎಂಸಿ ಬೇಕಿತ್ತು ಭಾವ."

"ಬುಧವಾರ ಬರುವ ನೋವು ಸೋಮವಾರವೇ ಗೊತ್ತಾಯ್ತಾ ನಿನಗೆ?"

ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, ನನ್ನ ಬಿಪಿ ನೋಡಿ, "ನನ್ನದಕ್ಕಿಂತ ಚೆನ್ನಾಗುಂಟು. ಚೀಟಿ ಕೊಡ್ಲಿಕ್ಕಾಗುದಿಲ್ಲ" ಎಂದರು. ನಾನು ಮುಖ ಊದಿಸಿಕೊಂಡು ಎದ್ದುಬಂದೆ. ಇವರಿಂದ ಇನ್ನೇನು ನಿರೀಕ್ಷಿಸುವುದು? ತಮ್ಮ ಇಬ್ಬರು ಗಂಡುಮಕ್ಕಳಿಗೆ ಹೀಗೆ ವಾರದ ನಡುವೆ ಕರೆ ಬಂದಾಗಲೂ ಕ್ಲಿನಿಕ್ಕು ಮುಚ್ಚಿದವರಲ್ಲ. ಅಕ್ಕನೇ ಒದ್ದಾಡಿಕೊಂಡು ಹೋಗಿಬಂದಿದ್ದಳು.

ಬುಧವಾರ ಬೆಳಿಗ್ಗೆ ಮನೆ ಕೆಳಗೆ ಹಾರ್ನ್ ಕೇಳಿಸಿತು. ಇಣುಕಿದರೆ ಭಾವನ ಹಳೇ ಕಾರು. ಮದುವೆ ಮನೆಗೆ ಹಾಕುವ ಶರಟು ಹಾಕಿಕೊಂಡು ಭಾವ ನಿಂತಿದ್ದಾರೆ.

"ಎಂತ ನೋಡ್ತೀ? ಮಗುವನ್ನು ಕಳಿಸು. ನೀನು ಆಫೀಸಿಗೆ ಹೋಗು, ನಿನಗೆ ಹುಷಾರುಂಟಲ್ಲ."

ಅಲ್ಲಿ ನಡೆದದ್ದನ್ನು ಮಗಳು ಸಂಜೆ ಹೇಳಿದಳು. ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ, "ಫಾದರ್?" ಎಂದಳಂತೆ. ಅಲ್ಲ ಎಂದರು. "ಗಾರ್ಡಿಯನ್?" ಅದೂ ಅಲ್ಲ, ಇವಳ ಅಪ್ಪ ಅಮ್ಮ ಗಟ್ಟಿಯಾಗಿದ್ದಾರೆ. "ಹಾಗಾದ್ರೆ ಅಂಕಲ್?" ಮೀನು ಮಾರುವವನೂ ಇಲ್ಲಿ ಅಂಕಲ್ಲೇ, ಅದಾಗದು. ಹಿಂದೆ ಸಾಲು ಬೆಳೆಯುತ್ತಿತ್ತು. ಅಮ್ಮನ ಅಕ್ಕನ ಗಂಡ ದೊಡ್ಡಪ್ಪ ಎಂದು ವಿವರಿಸಿ, ಅದರ ಅರ್ಥವನ್ನೂ ಹೇಳಿ, ಕೊನೆಗೆ ಎದೆಯ ಮೇಲೆ 'ಬಿಗ್ ಫಾದರ್' ಎಂಬ ಸ್ಟಿಕರ್ ಅಂಟಿಸಿಕೊಂಡೇ ಒಳಗೆ ಹೋದರು.

ಅದನ್ನು ನೋಡಿದ ಪ್ರೊಫೆಸರೊಬ್ಬರು ಇವರು ಯಾವುದೋ ಇಗರ್ಜಿಯ ದೊಡ್ಡ ಪಾದ್ರಿ ಎಂದು ತಿಳಿದು, "ವೆಲ್‌ಕಮ್, ಫಾದರ್" ಎಂದು ಮುಂದಿನ ಸಾಲಿನಲ್ಲಿ ಕೂರಿಸಿದರಂತೆ! ಊಟದ ಹೊತ್ತಿಗೆ ಪ್ರಾರ್ಥನೆ ಮಾಡಿಸಲು ಕೇಳಿದಾಗ ಭಾವ, "ನನಗೆ ಗೊತ್ತಿರುವುದು ಊಟಕ್ಕೆ ಮೊದಲು ಕೈ ತೊಳೆಯುವುದು ಮಾತ್ರ" ಎಂದರಂತೆ.

"ಸೋ ಮಾಲು, ಅಮ್ಮ! ಐ ವಾಂಟೆಡ್ ಟು ಹೈಡ್" ಎಂದು ಮಗಳು ನಾಚಿಕೆಪಟ್ಟದ್ದನ್ನೇ ಬಿದ್ದು ಬಿದ್ದು ನಗುತ್ತಾ ಹೇಳಿದಳು. ಮಾಲು ಎಂದರೆ ಇಲ್ಲಿಯ ಮಲಯ ಮಾತಿನಲ್ಲಿ ನಾಚಿಕೆ. ಸೇರುವುದು ಅಲ್ಲಿಗೇ ಎಂದೂ ಹೇಳಿದಳು. ಆ ಸಂಜೆಯಿಡೀ ಅವಳ ಬಾಯಿಂದ ಒಂದು ಕನ್ನಡ ಪದ ಬರಲಿಲ್ಲ. ನನಗೆ ಪರಮ ಸಂತೋಷವಾಯಿತು.

ಮಾರನೆಯ ದಿನ ಆಫೀಸು ಮುಗಿಸಿ, ಮಾಮಕ್ ಎಂಬ ಇಲ್ಲಿಯ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಭಾವನಿಗೆ ತೋಸೆ ಎಂದು ಕರೆಯುವ ದೋಸೆ, ಚಟ್ನಿ ಕಟ್ಟಿಸಿಕೊಂಡು ಕ್ಲಿನಿಕ್ಕಿಗೆ ಹೋದೆ. ನರ್ಸ್ ಸೆಲ್ವಿ ನನ್ನನ್ನು ಮೂಲೆಗೆ ಕರೆದಳು.

"ಅಕ್ಕಾ, ನಿನ್ನೆ ಕ್ಲಿನಿಕ್ ಮುಚ್ಚಿತ್ತಲ್ಲ, ಪೇಷೆಂಟ್ಸ್‌ಗೆ ಫೋನ್ ಮಾಡಿ ಏನ್ ಹೇಳ್ಲಿ ಅಂತ ಡಾಕ್ಟರನ್ನ ಕೇಳ್ದೆ. ಎಮರ್ಜೆನ್ಸಿ ಅನ್ಲಾ ಅಂದ್ರೆ, ಎಮರ್ಜೆನ್ಸಿ ಇಲ್ಲ ಅಂದ್ರು. ಹುಷಾರಿಲ್ಲ ಅನ್ಲಾ ಅಂದ್ರೆ, ಹುಷಾರಿದ್ದೇನೆ ಅಂದ್ರು. ಆಮೇಲೆ, 'ನನ್ನ ಮಗಳ ಕಾಲೇಜಿಗೆ ಹೋಗಿದ್ದೇನೆ ಅಂತ ಹೇಳು' ಅಂದ್ರು." ಸೆಲ್ವಿ ದನಿ ತಗ್ಗಿಸಿದಳು. "ಡಾಕ್ಟರ್‌ಗೆ ಇಬ್ಬರು ಗಂಡುಮಕ್ಕಳಲ್ವಾ? ಡಾಕ್ಟರ್ ಸುಳ್ಳು ಹೇಳಲ್ವಲ್ಲ ಅಕ್ಕಾ?"

"ಇಲ್ಲ ಸೆಲ್ವಿ, ಹೇಳಲ್ಲ" ಎಂದೆ. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿಬಿಟ್ಟಿತು.

ಅದೇ ಹೊತ್ತಿಗೆ ಭಾವ ಹೊರಗೆ ಬಂದರು. "ಕಣ್ಣಿಗೆ ಎಂತ ಆಯ್ತು?"

"ಏನಿಲ್ಲ ಭಾವ, ಚಟ್ನಿ ಖಾರ" ಎಂದೆ.

ಭಾವ ನನ್ನ ಕೈಯಲ್ಲಿದ್ದ ಪೊಟ್ಟಣ ನೋಡಿದರು. ಅದಕ್ಕೆ ಹಾಕಿದ ರಬ್ಬರ್ ಬ್ಯಾಂಡ್ ಇನ್ನೂ ಹಾಗೇ ಇತ್ತು. ನನ್ನ ಮುಖ ನೋಡಿದರು. ಪೊಟ್ಟಣ ಇಸಿದುಕೊಂಡು ಒಳಗೆ ಹೋದರು.